ವಿಮರ್ಶಕರ ಮನೆಗೆ ಬಂದ ಖಾಕಿ

ಕುರುಗೋಡಿನ ಬಸ್ಸಿಳಿದು, ಆಟೋ ಹಿಡಿದು, ದಾಕ್ಷಾಯಣಮ್ಮ ಬಳ್ಳಾರಿ ಕಂಟೋನ್ಮೆಂಟಿನ ತಮ್ಮ ಮನೆ ಸೇರಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಮುಂಬಾಗಿಲಿಗೆ ಚಿಲಕವಿರಲಿಲ್ಲ. ಬಾಗಿಲನ್ನು ಬರೀ ಮುಂದಕ್ಕೆಳೆದು ಬಿಟ್ಟಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು.

"ಏನ್ರೀ, ಬಾಗಿಲಾ ಹಿಂಗ ಬಿಟ್ಟು ಮಲಗೀರೇನು?"

ಉತ್ತರ ಬರಲಿಲ್ಲ.

ಚಪ್ಪಲಿ ಹೊರಗೆ ಬಿಟ್ಟು ಅವರು ಓದುವ ಕೋಣೆಗೆ ಹೋದರು. ಕುರ್ಚಿ ಉರುಳಿತ್ತು. ಅದರ ಪಕ್ಕದಲ್ಲಿ ಗಂಡ ಉಮಾಪತಿ ಮೇಷ್ಟ್ರು ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಭಾಗದ ಬಿಳಿ ಕೂದಲು ರಕ್ತದಲ್ಲಿ ಅಂಟಿಕೊಂಡಿತ್ತು. ಹೊಸ್ತಿಲ ಬಳಿ ಒಂದು ಲಾಠಿ ಬಿದ್ದಿತ್ತು.

ದಾಕ್ಷಾಯಣಮ್ಮ ಚೀರಲಿಲ್ಲ. ಪಕ್ಕದಲ್ಲಿ ಕುಳಿತು ಮೂಗಿನ ಹತ್ತಿರ ಬೆರಳಿಟ್ಟರು. ಉಸಿರಿತ್ತು. ಎದ್ದು ಹೊರಗೆ ಬಂದು ಎದುರು ಮನೆಯ ಸಾವಂತ್ರಮ್ಮನನ್ನು ಕೂಗಿದರು.

ಸಾವಂತ್ರಮ್ಮ ಓಡಿ ಬಂದಳು. ಕೋಣೆ ನೋಡಿದಳು. ಲಾಠಿ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡಳು.

"ಅಕ್ಕಾ, ಮಧ್ಯಾಹ್ನ ನಿಮ್ಮ ಮನಿಯಿಂದ ಒಬ್ಬ ಪೊಲೀಸ ಹೊರಗ ಬಂದ. ನಾನ ನೋಡೀನಿ."

ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಈ ಮಾತು ಊರು ಮುಟ್ಟಿತ್ತು. ಸಂಜೆಯ ಹೊತ್ತಿಗೆ ಠಾಣೆಯ ಮುಂದೆ ಜನ ಸೇರಿದರು. ಅವರ ಕೈಯಲ್ಲಿ ಮೇಷ್ಟ್ರ ಫೋಟೋ ಇತ್ತು.

* * *

ಉಮಾಪತಿ ಮೇಷ್ಟ್ರು ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು. ಸಿನಿಮಾ ಅವರ ಹುಚ್ಚು. ಪ್ರತಿ ಭಾನುವಾರ ಬಡಾವಣೆಯ ಸಣ್ಣ ಸಭಾಂಗಣದಲ್ಲಿ ಒಂದೊಂದು ಹೊಸ ಚಿತ್ರದ ಬಗ್ಗೆ ಮಾತಾಡುತ್ತಿದ್ದರು. ಆ ಮಾತು ಯೂಟ್ಯೂಬಿಗೂ ಹೋಗುತ್ತಿತ್ತು. ನೋಡುವವರು ಬಹಳ ಇರಲಿಲ್ಲ. ನೋಡುವವರು ಮಾತ್ರ ಪೂರ್ತಿ ನೋಡುತ್ತಿದ್ದರು.

ಕಳೆದ ಭಾನುವಾರದ ಚಿತ್ರ ‘ಮೈಲಿ ವರ್ದಿ’. ಕೊಳಕಾದ ಸಮವಸ್ತ್ರ ಎಂದು ಅರ್ಥ. ಉತ್ತರದ ಯಾವುದೋ ಊರಿನ ಲಂಚಕೋರ ಪೊಲೀಸರ ಕಥೆ. ಮುಂಬಯಿಯ ವಿಮರ್ಶಕರು ನಾಲ್ಕು, ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದರು. ಎದೆಗಾರಿಕೆಯ ಚಿತ್ರ ಎಂದು ಒಬ್ಬರು, ಪ್ರತಿ ಠಾಣೆಯಲ್ಲೂ ತೋರಿಸಬೇಕು ಎಂದು ಇನ್ನೊಬ್ಬರು ಬರೆದಿದ್ದರು. ಮೇಷ್ಟ್ರಿಗೆ ಅದು ಹಿಡಿಸಿರಲಿಲ್ಲ.

ಆದರೆ ಸೋಮವಾರ ಬಳ್ಳಾರಿಯ ಮೊಬೈಲುಗಳಲ್ಲಿ ಹರಿದಾಡಿದ್ದು ಅವರ ಪೂರ್ತಿ ಮಾತಲ್ಲ. ಒಂದು ತುಣುಕು.

"ಈ ಚಿತ್ರದ ಇನ್‌ಸ್ಪೆಕ್ಟರ್ ಜನರ ರಕ್ತ ಕುಡಿಯೋ ಮನುಷ್ಯ. ಅಂಥವ ನಮ್ಮ ಜಿಲ್ಲಾದಾಗೂ ಒಬ್ಬ ಅದಾನ. ಯಾರು ಅಂತ ಮುಂದಿನ ಭಾನುವಾರ ಹೇಳ್ತೀನಿ."

ಅಷ್ಟೇ. ಅಷ್ಟು ಸಾಕಾಗಿತ್ತು. ಯಾರು ಆ ಇನ್‌ಸ್ಪೆಕ್ಟರ್ ಎಂದು ಎಲ್ಲರೂ ಕೇಳತೊಡಗಿದರು. ಆ ಭಾಗದ ಇನ್‌ಸ್ಪೆಕ್ಟರ್ ಗವಿಸಿದ್ದೇಶ್. ಬೊಟ್ಟು ಅವರತ್ತ ತಿರುಗಿತು. ಬುಧವಾರ ಮೇಷ್ಟ್ರು ರಕ್ತದಲ್ಲಿ ಬಿದ್ದಿದ್ದರು.

ಕೇಸು ಸಬ್ ಇನ್‌ಸ್ಪೆಕ್ಟರ್ ಶೀಲಾ ಕೈಗೆ ಬಂತು. ಗವಿಸಿದ್ದೇಶ್ ಅವಳ ಮೇಲಧಿಕಾರಿ. ಹೊಸದಾಗಿ ಠಾಣೆಗೆ ಬಂದಾಗ ಕೆಲಸ ಕಲಿಸಿದವರು. ಅವರನ್ನೇ ಅವಳು ಪ್ರಶ್ನೆ ಮಾಡಬೇಕಿತ್ತು.

"ನಾನೇ ನಿನಗೆ ಕೇಸು ಕೊಡ್ರಿ ಅಂತ ಎಸ್ಪಿ ಸಾಹೇಬ್ರಿಗೆ ಕೇಳ್ದೆ" ಎಂದರು ಗವಿಸಿದ್ದೇಶ್. "ಎರಡು ದಿನ ಕೊಟ್ಟಾರ. ಆಮೇಲೆ ಹೊರಗಿನವ್ರು ಬರ್ತಾರ."

"ಸರ್, ಮೇಷ್ಟ್ರ ಫೋನ್ ಸಿಕ್ಕಿಲ್ಲ. ಆದರ ಕಾಲ್ ವಿವರ ಬಂದೈತಿ. ಮಂಗಳವಾರ ನೀವು ಅವ್ರಿಗೆ ಫೋನ್ ಮಾಡೀರಿ."

"ಮಾಡೀನಿ. ಆ ತುಣುಕು ನೋಡಿ ಸಿಟ್ಟು ಬಂದಿತ್ತು. ಮೇಷ್ಟ್ರು, ಅದು ನಿಮ್ಮ ಬಗ್ಗೆ ಅಲ್ಲ ಸಾಹೇಬ್ರ, ಭಾನುವಾರ ನೀವೂ ಬರ್ರಿ, ಬಂದ್ರ ನಿಮಗ ಕೆಲಸ ಐತಿ ಅಂದ್ರು. ಏನು ಅಂತ ಬಿಡಿಸಿ ಹೇಳ್ಲಿಲ್ಲ."

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ ಸರ್?"

ಗವಿಸಿದ್ದೇಶ್ ಕಿಟಕಿಯ ಕಡೆ ನೋಡಿದರು. ಹೊರಗೆ ಘೋಷಣೆ ಕೇಳುತ್ತಿತ್ತು.

"ಹೊರಗ ಹೋಗಿದ್ದೆ."

"ಎಲ್ಲಿ?"

"ಸ್ವಂತ ಕೆಲಸ."

ಶೀಲಾ ಆ ಮುಖವನ್ನೇ ನೋಡಿದಳು. ಸುಳ್ಳು ಹೇಳುವವರ ಮುಖ ಹೇಗಿರುತ್ತದೆ ಎಂದು ಕಲಿಸಿದವರು ಅವರೇ. ಅವರದೇ ಮುಖ ಈಗ ಹಾಗಿತ್ತು.

* * *

ಮೇಷ್ಟ್ರ ಮನೆಯ ಮೆಟ್ಟಿಲ ಬಳಿ ಶೀಲಾ ನಿಂತಳು. ದಾಕ್ಷಾಯಣಮ್ಮ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಬಂದಿದ್ದರು. ಅವರ ಕಣ್ಣು ಶೀಲಾಳ ಬೂಟಿನ ಮೇಲೆ ಹೋಯಿತು. ಶೀಲಾ ಬೂಟು ಬಿಚ್ಚಿದಳು.

"ನಮ್ಮ ಮನ್ಯಾಗ ಲಿಂಗಪೂಜಿ ಐತ್ರಿ" ಎಂದರು ದಾಕ್ಷಾಯಣಮ್ಮ. "ಬರೋರೆಲ್ಲಾ ಹೊರಗ ಬಿಟ್ಟ ಬರ್ತಾರ. ನಿನ್ನೆ ಬಂದ ನಿಮ್ಮ ಪೊಲೀಸರಷ್ಟ ಹಂಗ ಒಳಗ ಬಂದ್ರು. ಅವಸರದಾಗ ಇದ್ರು, ನಾ ಏನೂ ಅನ್ನಲಿಲ್ಲ."

"ಡಾಕ್ಟರ್ ಏನಂದ್ರು ಅಮ್ಮಾ?"

"ಎಚ್ಚರ ಆದ್ರ ಆತು ಅಂತಾರ. ಆಗದಿದ್ರ ಅಂತ ನಾ ಕೇಳಿಲ್ಲ."

ಡಾಕ್ಟರು ಶೀಲಾಗೆ ಇನ್ನೊಂದು ಮಾತು ಹೇಳಿದ್ದರು. ಏಟು ಬಿದ್ದದ್ದು ಭಾರವಾದ ಲೋಹದಿಂದ, ಬೆತ್ತದಿಂದಲ್ಲ. ಹಾಗಾದರೆ ಹೊಸ್ತಿಲಲ್ಲಿ ಲಾಠಿ ಯಾಕೆ ಬಿದ್ದಿತ್ತು?

ಅವಳ ಜೊತೆಗಿದ್ದ ಹೆಡ್ ಕಾನ್‌ಸ್ಟೆಬಲ್ ಉಚ್ಚಂಗೆಪ್ಪ ಆ ಲಾಠಿಯನ್ನು ಠಾಣೆಯಲ್ಲೇ ನೋಡಿದ್ದ. "ಇದು ನಮ್ಮದಲ್ಲ ಮೇಡಂ. ಕೈಯಾಗ ಹಿಡಿದ್ರ ತೂಕಾನ ಇಲ್ಲ. ತುದಿಗೆ ಹೊಳೆಯೋ ಬೇಗಡಿ ಕಾಗದ ಕಿತ್ತಿದ್ದ ಗುರುತು ಐತಿ."

ಆದರೆ ಅದನ್ನು ಠಾಣೆಯ ಮುಂದೆ ನಿಂತ ಜನರಿಗೆ ಹೇಳಿದರೆ ಯಾರು ನಂಬುತ್ತಾರೆ? ಪೊಲೀಸರ ಲಾಠಿ ಪೊಲೀಸರದಲ್ಲ ಎಂದು ಪೊಲೀಸರೇ ಹೇಳಿದ ಹಾಗಾಗುತ್ತದೆ.

ಎದುರು ಮನೆಯ ಅಂಗಳದಲ್ಲಿ ಸಾವಂತ್ರಮ್ಮ ಸಂಡಿಗೆ ಒಣಹಾಕುತ್ತಿದ್ದಳು. ಖಾಕಿ ಕಂಡು ಎದ್ದು ನಿಂತಳು.

"ನಾನೇನೂ ಸುಳ್ಳ ಹೇಳಿಲ್ರಿ."

"ಸುಳ್ಳು ಅಂತ ನಾ ಅಂದಿಲ್ಲ ಅಕ್ಕಾ. ನೋಡಿದ್ದಷ್ಟು ಹೇಳ್ರಿ. ಅವ ಒಳಗ ಹೋಗೋದು ನೋಡಿದ್ರೇನು?"

"ಇಲ್ಲ. ಹೊರಗ ಬರೋದಷ್ಟ. ಖಾಕಿ ಅಂಗಿ, ಖಾಕಿ ಪ್ಯಾಂಟು. ತಲಿಗೆ ಹೆಲ್ಮೆಟ್. ಬೆನ್ನಿಗೆ ಉದ್ದನ್ನ ಕರೀ ಚೀಲ. ಮುಖ ಕಾಣಲಿಲ್ಲ."

"ಓಡಿ ಬಂದನೇನು?"

"ಓಡೋದೇನು, ಆರಾಮ ಬಂದ. ಕಟ್ಟಿ ಮ್ಯಾಲೆ ಕುಂತು ಬೂಟು ಹಾಕ್ಕೊಂಡ. ಎದ್ದ. ಈ ಕಡೆ ಒಂದು ಸಲ ತಿರುಗಿ ನಿಂತ. ಹೋದ."

ಶೀಲಾ ಮತ್ತೆ ಕೇಳಿದಳು. "ಬೂಟು ಹಾಕ್ಕೊಂಡನಾ?"

"ಹೌದ್ರಿ. ಯಾಕ?"

ಶೀಲಾ ಮೇಷ್ಟ್ರ ಮನೆಯ ಕಟ್ಟೆಯ ಕಡೆ ತಿರುಗಿ ನೋಡಿದಳು. ಒಬ್ಬ ಮನುಷ್ಯನನ್ನು ಹೊಡೆದು ಕೆಡವಲು ಬಂದ ಪೊಲೀಸನು ಹೊಸ್ತಿಲಲ್ಲಿ ಬೂಟು ಬಿಚ್ಚಿಡುವುದಿಲ್ಲ. ಬಿಚ್ಚಿಟ್ಟವನು ಆ ಮನೆಗೆ ಬಂದು ಹೋಗಿ ಅಭ್ಯಾಸವಿದ್ದವನು. ಮೇಷ್ಟ್ರು ಬಾ ಎಂದು ಒಳಗೆ ಕರೆದುಕೊಂಡವನು.

ಹೊರಡುವಾಗ ದಾಕ್ಷಾಯಣಮ್ಮ ಒಂದು ಮಾತು ಸೇರಿಸಿದರು. "ಬರೋ ಭಾನುವಾರ ನಮ್ಮ ನಾದಿನಿ ವಿರೂಪಮ್ಮ ಸಿರುಗುಪ್ಪದಿಂದ ಬರೋದಿತ್ತು. ಸಭಾಕ್ಕ ಕರಕೊಂಡು ಹೋಗ್ತೀನಿ ಅಂತ ನಮ್ಮ ಮನಿಯವ್ರು ಅಂದಿದ್ರು. ಆಕಿಗೂ ಸಿನಿಮಾಕ್ಕೂ ಏನ ಸಂಬಂಧ ಅಂತ ನಾ ನಕ್ಕಿದ್ದೆ. ಅಣ್ಣಗ ಹಿಂಗಾಗೈತಿ ಅಂತ ಫೋನ್ ಮಾಡಿದ್ರ ಆಕಿ ಬರಾಕ ಒಲ್ಲೆ ಅಂತಾಳ. ಬರೀ ಅಳ್ತಾಳ."

* * *

ಕಳೆದ ಭಾನುವಾರದ ಸಭೆಯಲ್ಲಿ ಮೇಷ್ಟ್ರು ನಿಜಕ್ಕೂ ಏನು ಹೇಳಿದ್ದರು? ಶೀಲಾ ಕೇಳುತ್ತ ಹೋದಳು. ಸಿಕ್ಕ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ.

ನಿವೃತ್ತ ಬ್ಯಾಂಕ್ ಮ್ಯಾನೇಜರ್ ಚನ್ನಬಸವರಾಜ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. "ಪೊಲೀಸರನ್ನ ಚೆನ್ನಾಗಿ ತೊಳೆದ್ರು. ಚಿತ್ರ ಭಾಳ ಛಲೋ ಐತಿ ಅಂದ್ರು."

ಸಭೆಯ ಕಾರ್ಯದರ್ಶಿ ಐಶ್ವರ್ಯ ಕಾಲೇಜು ಉಪನ್ಯಾಸಕಿ. ಮುಂದಿನ ಸಾಲಿನಲ್ಲಿದ್ದಳು. ಅವಳು ಅಲ್ಲ ಎಂದು ತಲೆಯಾಡಿಸಿದಳು.

"ಉಲ್ಟಾ ಮೇಡಂ. ಚಿತ್ರಾನ ಬೈದ್ರು. ಅವರ ತಂದಿ ಪೊಲೀಸ್ ಪೇದೆ ಆಗಿದ್ರಂತ. ಪೊಲೀಸ ಕೆಟ್ಟಿದ್ರ ಕೆಟ್ಟವ ಅಂತ ತೋರಿಸ್ರಿ, ಆದರ ಮೊದಲು ಅವನನ್ನ ಸರಿಯಾಗಿ ನೋಡ್ರಿ ಅಂದ್ರು. ನೋಡದ ತಗದ ಚಿತ್ರಕ್ಕ ನಕ್ಷತ್ರ ಕೊಟ್ಟಾರ ಅಂತ ಸಿಟ್ಟಾದ್ರು."

"ಹಿಂದಿನ ಸಾಲಿನವ್ರು ಬ್ಯಾರೆ ಹೇಳ್ತಾರ."

"ಅವರಿಗೆ ಅರ್ಧ ಕೇಳಿಸಿಲ್ಲ. ಸೆಕೆ ಅಂತ ದೊಡ್ಡ ಕೂಲರ್ ಹಚ್ಚಿದ್ವಿ. ಅದರ ಸದ್ದು ವಿಮಾನದ ಹಂಗ."

"ನಮ್ಮ ಜಿಲ್ಲಾದಾಗೂ ಒಬ್ಬ ಅದಾನ ಅಂದ್ರಲ್ಲ. ಯಾರ ಬಗ್ಗೆ?"

ಐಶ್ವರ್ಯ ಯೋಚಿಸಿದಳು. "ಅದರ ಹಿಂದ ಇನ್ನೊಂದು ಮಾತು ಇತ್ತು. ಚಿತ್ರದಾಗಿನ ಇನ್‌ಸ್ಪೆಕ್ಟರ್‌ನ ಹೆಗಲ ಮ್ಯಾಲೆ ಮೂರು ಚುಕ್ಕಿ ಅದಾವು, ಕೆಳಗ ಪಟ್ಟಿ ಇಲ್ಲ, ಹಂಗಿದ್ರ ಅವ ಇನ್‌ಸ್ಪೆಕ್ಟರ್ ಅಲ್ಲ ಅಂದ್ರು. ನೀರು ಕುಡಿದ್ರು. ಆಮೇಲೆ ಅಂಥವ ನಮ್ಮ ಜಿಲ್ಲಾದಾಗೂ ಅದಾನ ಅಂದ್ರು. ನಾವೆಲ್ಲ ನಕ್ಕಿವಿ."

ಶೀಲಾಳ ಕೈ ತಾನಾಗಿಯೇ ತನ್ನ ಹೆಗಲಿಗೆ ಹೋಯಿತು. ಎರಡು ನಕ್ಷತ್ರ. ತುದಿಗೆ ಕೆಂಪು ನೀಲಿ ಪಟ್ಟಿ. ಗವಿಸಿದ್ದೇಶ್ ಅವರ ಹೆಗಲಲ್ಲಿ ಮೂರು ನಕ್ಷತ್ರ, ಅದೇ ಪಟ್ಟಿ. ಮೇಷ್ಟ್ರು ಲಂಚಕೋರ ಪೊಲೀಸನ ಬಗ್ಗೆ ಹೇಳಿರಲಿಲ್ಲ. ಪೊಲೀಸನಲ್ಲದ ಪೊಲೀಸನ ಬಗ್ಗೆ ಹೇಳಿದ್ದರು.

ಜೀಪಿನಲ್ಲಿ ಕುಳಿತು ಅವಳು ಆ ತುಣುಕನ್ನು ಮತ್ತೆ ಹಾಕಿದಳು. ಮೊದಲ ಮಾತಿಗೆ ಮೇಷ್ಟ್ರ ಎರಡೂ ಕೈ ಮೇಜಿನ ಮೇಲಿದ್ದವು. ಮುಂದಿನ ಮಾತಿಗೆ ಬಲಗೈಯಲ್ಲಿ ಅರ್ಧ ಖಾಲಿಯಾದ ಲೋಟ ಇತ್ತು. ನಡುವಿನದನ್ನು ಯಾರೋ ಕತ್ತರಿಸಿದ್ದರು.

* * *

ಪೂರ್ತಿ ವಿಡಿಯೋ ಇನ್ನೂ ಯೂಟ್ಯೂಬಿಗೆ ಹೋಗಿರಲಿಲ್ಲ. ಅದು ಇದ್ದದ್ದು ಇಬ್ಬರ ಬಳಿ. ಒಬ್ಬರು ಮೇಷ್ಟ್ರು, ಅವರ ಲ್ಯಾಪ್‌ಟಾಪ್ ಫೋನಿನ ಜೊತೆಗೇ ಕಳುವಾಗಿತ್ತು. ಇನ್ನೊಬ್ಬ ಸಮ್ರಾಟ್. ಮೇಷ್ಟ್ರ ಹಳೆಯ ವಿದ್ಯಾರ್ಥಿ, ಅವರ ಕಾರ್ಯಕ್ರಮದ ಕ್ಯಾಮೆರಾ ಮತ್ತು ಎಡಿಟಿಂಗ್ ಎಲ್ಲ ಅವನದೇ. ಅವನ ಸಣ್ಣ ಸ್ಟುಡಿಯೋ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಶೀಲಾ ಹೋದಾಗ ಅವನ ಕಣ್ಣು ಕೆಂಪಾಗಿದ್ದವು.

"ನಮ್ಮ ಮೇಷ್ಟ್ರು ನನಗ ತಂದಿ ಇದ್ದಂಗ ಮೇಡಂ. ಭಾನುವಾರಾನ ಮೆಮೊರಿ ಕಾರ್ಡ್ ಅವರ ಕೈಯಾಗ ಕೊಟ್ಟೆ. ನನ್ನ ಹತ್ರ ಏನೂ ಉಳಿದಿಲ್ಲ."

"ಹಂಗಾದ್ರ ಆ ತುಣುಕು ಎಲ್ಲಿಂದ ಹೊರಗ ಬಂತು?"

"ಸಭಾದಾಗ ಯಾರರ ಮೊಬೈಲಿನ್ಯಾಗ ಹಿಡಿದಿರಬೇಕು." ಅವನು ದನಿ ತಗ್ಗಿಸಿದ. "ನಾ ಹೇಳಿದೆ ಅನಬ್ಯಾಡ್ರಿ. ನಿಮ್ಮ ಗವಿಸಿದ್ದೇಶ್ ಸಾಹೇಬ್ರು ಫೋನ್ ಮಾಡಿ ಧಮಕಿ ಹಾಕಿದ್ರಂತ. ಮೇಷ್ಟ್ರ ಹೇಳಿದ್ರು."

ಶೀಲಾ ಠಾಣೆಗೆ ಬಂದವಳೇ ಗವಿಸಿದ್ದೇಶ್ ಅವರ ಮುಂದೆ ನಿಂತಳು. ಈ ಸಲ ಕುಳಿತುಕೊಳ್ಳಲಿಲ್ಲ.

"ಸರ್, ನೀವು ಎಲ್ಲಿದ್ರಿ ಅಂತ ಗೊತ್ತಾಗದ ನಾ ಮುಂದ ಹೆಜ್ಜಿ ಇಡಾಕ ಆಗೋದಿಲ್ಲ."

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಸಿನಿಮಾಕ್ಕ ಹೋಗಿದ್ದೆ."

"ಏನ್ ಸರ್?"

"ಆ ‘ಮೈಲಿ ವರ್ದಿ’ಗೆ. ಊರೆಲ್ಲ ನನ್ನ ಅದರಾಗಿನ ಇನ್‌ಸ್ಪೆಕ್ಟರ್ ಅಂತೈತಿ. ಅವ ಯಾರು ಅಂತ ನೋಡಬೇಕು ಅನ್ನಿಸ್ತು. ಡ್ಯೂಟಿ ಹೊತ್ತಿನ್ಯಾಗ ಮಫ್ತಿಯೊಳಗ ಹೋಗಿ ಬಾಲ್ಕನ್ಯಾಗ ಕುಂತೆ. ಊರು ಹೊತ್ತಿ ಉರಿಯೋವಾಗ ಇನ್‌ಸ್ಪೆಕ್ಟರ್ ಮ್ಯಾಟಿನಿ ನೋಡ್ತಿದ್ದ ಅಂತ ಯಾವ ಬಾಯಿಲೆ ಹೇಳ್ಲಿ?"

ಶೀಲಾ ಚಿತ್ರಮಂದಿರಕ್ಕೆ ಉಚ್ಚಂಗೆಪ್ಪನನ್ನು ಕಳಿಸಿದಳು. ಅವನು ಅಲ್ಲಿಯ ಕ್ಯಾಮೆರಾದ ಚಿತ್ರ ಮೊಬೈಲಿನಲ್ಲಿ ಕಳಿಸಿದ. ಸಾವಂತ್ರಮ್ಮ ಆ ಖಾಕಿಯನ್ನು ಕಂಡ ಹೊತ್ತಿಗೆ ಗವಿಸಿದ್ದೇಶ್ ಇಂಟರ್‌ವಲ್‌ನಲ್ಲಿ ಸಮೋಸಾ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಸುತ್ತ ಯಾರೂ ಇರಲಿಲ್ಲ. ಮುಖ ಬಾಡಿತ್ತು.

ಶೀಲಾ ಕುರ್ಚಿಯಲ್ಲಿ ಕುಸಿದು ಕುಳಿತಳು. ಮುಂಜಾನೆಯಿಂದ ಎದೆಯ ಮೇಲೆ ಹೊತ್ತ ಕಲ್ಲು ಇಳಿದ ಹಾಗಾಯಿತು. ಒಂದು ಲೋಟ ನೀರು ಕುಡಿದು ಮತ್ತೆ ಎದ್ದಳು.

* * *

ಸಿರುಗುಪ್ಪದ ದಾರಿಯ ಎರಡೂ ಕಡೆ ಭತ್ತದ ಗದ್ದೆ. ಕಾಲುವೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ವಿರೂಪಮ್ಮನ ಮನೆ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿತ್ತು. ಜೀಪು ನಿಂತದ್ದೇ ತಡ, ಒಳಗಿನಿಂದ ಬಾಗಿಲು ಹಾಕಿದ ಸದ್ದು ಕೇಳಿತು.

"ಅಮ್ಮಾ, ನಾನು ಬಳ್ಳಾರಿಯಿಂದ ಬಂದೀನಿ. ನಿಮ್ಮ ಅಣ್ಣನ ಸಲುವಾಗಿ."

"ನನಗೇನೂ ಗೊತ್ತಿಲ್ರಿ. ನಾ ಯಾರ ಮ್ಯಾಲೂ ಏನೂ ಹೇಳಿಲ್ಲ. ನಮ್ಮ ಅಣ್ಣನ್ನ ಬಿಡ್ರಿ ಸಾಕು."

"ನಾವು ಹೊಡೆದಿಲ್ಲಮ್ಮಾ."

"ಮತ್ತ್ಯಾರು ಹೊಡೆದ್ರು? ಪೊಲೀಸರ ಸುದ್ದಿ ಎತ್ತಿದ್ದಕ್ಕ ಹೊಡೆದ್ರು. ನನ್ನಿಂದ ಆತು ಇದು."

ಶೀಲಾ ಬಾಗಿಲಿನ ಹೊರಗೆ ಕಟ್ಟೆಯ ಮೇಲೆ ಕುಳಿತಳು. ಒಳಗೆ ಅಳು ಕೇಳುತ್ತಿತ್ತು. ಅವಳು ಅವಸರ ಮಾಡಲಿಲ್ಲ.

"ಅಮ್ಮಾ, ಒಂದ ಮಾತು ಕೇಳ್ತೀನಿ. ನಿಮ್ಮ ಮನಿಗೆ ಬಂದ ಆ ಪೊಲೀಸನ ಹೆಗಲ ಮ್ಯಾಲೆ ಏನಿತ್ತು ಅಂತ ನಿಮ್ಮ ಅಣ್ಣ ಕೇಳಿದ್ರಾ?"

ಒಳಗಿನ ಸದ್ದು ನಿಂತಿತು. ಬಾಗಿಲು ತುಸು ತೆರೆಯಿತು. ಶೀಲಾ ಎದ್ದು ತನ್ನ ಹೆಗಲನ್ನು ಅತ್ತ ತಿರುಗಿಸಿದಳು.

"ಇಂಥ ಕೆಂಪು ನೀಲಿ ಪಟ್ಟಿ ಇತ್ತೇನು?"

ವಿರೂಪಮ್ಮ ಕೈ ಚಾಚಿ ಆ ಪಟ್ಟಿಯನ್ನು ಮುಟ್ಟಿ ನೋಡಿದಳು. "ಇಲ್ಲ. ಬರೀ ಮೂರು ಚುಕ್ಕಿ ಇದ್ವು. ಅಣ್ಣಾನೂ ಇದನ್ನ ಕೇಳಿದ. ಇಲ್ಲ ಅಂದ್ರ, ಹಂಗಾರ ಅವ ಪೊಲೀಸ ಅಲ್ಲವ್ವಾ ಅಂದ."

"ಅಣ್ಣ ಹೇಳಿದ್ದ ಖರೆ. ಅವ ಪೊಲೀಸ ಅಲ್ಲ."

ಆಮೇಲೆ ಎಲ್ಲವೂ ಹೊರಗೆ ಬಂತು. ಮಗ ಕರಿಬಸವನ ಟ್ರ್ಯಾಕ್ಟರ್ ಒಂದು ಆಟೋಕ್ಕೆ ತಗುಲಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಮರುದಿನ ಖಾಕಿ ತೊಟ್ಟವನೊಬ್ಬ ತಾನು ಇನ್‌ಸ್ಪೆಕ್ಟರ್ ಎನ್ನುತ್ತ ಮನೆಗೆ ಬಂದ. ಮಗನ ಮೇಲೆ ದೊಡ್ಡ ಕೇಸು ಬೀಳುತ್ತದೆ, ಜೈಲಾಗುತ್ತದೆ ಎಂದ. ಅವ್ವಾ, ಅಳಬ್ಯಾಡ, ನಾ ಅದೀನಲ್ಲ ಎಂದು ಸಮಾಧಾನವನ್ನೂ ಮಾಡಿದ. ಕೊನೆಗೆ ಅವಳ ಕೊರಳಿನ ಬಂಗಾರದ ಸರ ಬಿಚ್ಚಿಸಿಕೊಂಡು ಹೋದ. ಆ ಸರ ಅವಳ ತಾಯಿಯದು. ಊರಲ್ಲಿ ಇನ್ನೂ ಎರಡು ಮನೆಯಲ್ಲಿ ಹೀಗೇ ಆಗಿತ್ತು. ಪೊಲೀಸರ ಮೇಲೆ ಪೊಲೀಸರಿಗೇ ದೂರು ಕೊಡುವುದು ಹೇಗೆಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರು.

"ಭಾನುವಾರ ಸಭಾಕ್ಕ ಬಾ, ಎಲ್ಲರ ಮುಂದ ಹೇಳು, ಆಮೇಲೆ ಇನ್‌ಸ್ಪೆಕ್ಟರ್ ಸಾಹೇಬ್ರಿಗೆ ಕಂಪ್ಲೇಂಟ್ ಕೊಡೂಣು ಅಂದಿದ್ದ ಅಣ್ಣ. ಅವರು ಇದ್ರ ನಿನಗ ಹೆದರಿಕಿ ಇಲ್ಲ ಅಂದಿದ್ದ."

"ಅವನ್ನ ನೋಡಿದ್ರ ಗುರುತು ಹಿಡೀತೀರಾ?"

"ಮುಖ ಮರಿಯೋದಿಲ್ರಿ. ಆ ಅಂಗಿ ವಾಸನಿನೂ ನೆನಪೈತಿ. ಟ್ರಂಕಿನ್ಯಾಗ ಇಟ್ಟ ಬಟ್ಟಿ ಹಂಗ, ನುಸಿಗುಳಿಗಿ ವಾಸನಿ."

ಶೀಲಾ ಉಚ್ಚಂಗೆಪ್ಪನ ಮುಖ ನೋಡಿದಳು. ಅವನೂ ಅದನ್ನೇ ಯೋಚಿಸುತ್ತಿದ್ದ. ಬೇಗಡಿ ಅಂಟಿಸಿದ ಲಾಠಿ. ಪಟ್ಟಿ ಇಲ್ಲದ ನಕ್ಷತ್ರ. ಟ್ರಂಕಿನಲ್ಲಿಟ್ಟ ಖಾಕಿ.

"ನಾಟಕದ ಡ್ರೆಸ್ ಮೇಡಂ" ಎಂದ ಅವನು. "ಈ ಕಡೆ ಹಳ್ಳಿಯವ್ರು ನಾಟಕ ಆಡಿದ್ರ ಡ್ರೆಸ್ ಬಾಡಿಗಿ ತರೋದು ಕುರುಗೋಡಿನಿಂದ."

* * *

ಕುರುಗೋಡಿನ ಕೊಟ್ಟೂರಪ್ಪನ ಅಂಗಡಿಯಲ್ಲಿ ಕಿರೀಟ, ಗದೆ, ವಕೀಲನ ಕರಿ ಕೋಟು ಒಂದರ ಪಕ್ಕ ಒಂದು ತೂಗುತ್ತಿದ್ದವು. ಒಳಗೆ ಕಾಲಿಡುತ್ತಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ನಿಜವಾದ ಪೊಲೀಸರು ಬಂದದ್ದು ಕಂಡು ಕೊಟ್ಟೂರಪ್ಪ ಗಾಬರಿಯಾದ.

"ಲೈಸೆನ್ಸ್ ಏನರ ಬೇಕೇನ್ರಿ?"

"ಏನೂ ಬ್ಯಾಡ. ಪೊಲೀಸ್ ಡ್ರೆಸ್ ಅದಾವೇನು?"

"ಎರಡು ಅದಾವ್ರಿ. ಪೇದೆದು ಇಲ್ಲೈತಿ. ಇನ್‌ಸ್ಪೆಕ್ಟರ್‌ದು ಬಾಡಿಗಿಗೆ ಹೋಗೈತಿ. ಲಾಠಿನೂ ಅದರ ಜೋಡಿನ ಹೋಗೈತಿ."

"ಅದಕ್ಕ ಹೆಗಲ ಪಟ್ಟಿ ಇತ್ತಾ?"

"ಇಲ್ರಿ. ಚುಕ್ಕಿ ಅಷ್ಟ. ದೂರದಿಂದ ಹೊಳದ್ರ ಸಾಕು ಸ್ಟೇಜಿಗೆ."

"ಯಾರು ಒಯ್ದಾರ?"

"ಯುಗಾದಿಗೆ ಇಲ್ಲೇ ಒಂದು ನಾಟಕ ಆಡಿದ್ವಿ. ಅದರಾಗ ಇನ್‌ಸ್ಪೆಕ್ಟರ್ ಪಾರ್ಟು ಮಾಡಿದ ಹುಡುಗ ವಾಪಸ್ ಕೊಟ್ಟಿಲ್ಲ. ಕೇಳಿದಾಗೆಲ್ಲ ಇನ್ನೊಂದು ನಾಟಕ ಐತಿ ಅಂತಾನ. ಛಲೋ ಪಾರ್ಟು ಮಾಡ್ತಾನ್ರಿ, ಖರೆ ಪೊಲೀಸನ ಹಂಗ. ಬಳ್ಳಾರ್ಯಾಗ ವಿಡಿಯೋ ತಗೀತಾನ. ಸಮ್ರಾಟ್ ಅಂತ."

* * *

ಸ್ಟುಡಿಯೋದಲ್ಲಿ ಸಮ್ರಾಟ್ ಕಂಪ್ಯೂಟರಿನ ಮುಂದಿದ್ದ. ಪರದೆಯ ಮೇಲೆ ಮೇಷ್ಟ್ರ ಫೋಟೋ, ಅದರ ಕೆಳಗೆ ‘ವಿಮರ್ಶಕನಿಗೆ ನ್ಯಾಯ ಕೊಡಿ’ ಎಂಬ ಅಕ್ಷರಗಳು. ಶೀಲಾ, ಉಚ್ಚಂಗೆಪ್ಪ ಮತ್ತು ಗವಿಸಿದ್ದೇಶ್ ಮೂವರೂ ಒಳಗೆ ಬಂದರು. ಇನ್‌ಸ್ಪೆಕ್ಟರನ್ನು ಕಂಡು ಸಮ್ರಾಟ್ ಎದ್ದು ನಿಂತ.

"ಕೂಡು" ಎಂದಳು ಶೀಲಾ. "ಆ ತುಣುಕು ಒಂದು ಸಲ ಹಚ್ಚು."

ಅವನು ಹಚ್ಚಿದ. ಮೇಷ್ಟ್ರ ದನಿ ಕೋಣೆಯಲ್ಲಿ ತುಂಬಿತು.

"ಎಷ್ಟು ಸ್ಪಷ್ಟ ಕೇಳಿಸ್ತೈತಿ ನೋಡು. ಸಭಾದಾಗ ದೊಡ್ಡ ಕೂಲರ್ ಇತ್ತು. ಹಿಂದ ಕುಂತವ್ರಿಗೆ ಮಾತ ಕೇಳಿಸಿಲ್ಲ. ಯಾರೋ ಮೊಬೈಲಿನ್ಯಾಗ ಹಿಡಿದಿದ್ರ ಆ ಸದ್ದು ಬರಬೇಕಿತ್ತು. ಇದರಾಗ ಇಲ್ಲ. ಇದು ಮೇಷ್ಟ್ರ ಅಂಗಿಗೆ ಸಿಗಿಸಿದ ಮೈಕಿನ ದನಿ. ಆ ಮೈಕ್ ನಿಂದು."

"ಕಾರ್ಡ್ ಮೇಷ್ಟ್ರಿಗೆ ಕೊಟ್ಟಿದ್ದೆ. ಅವರಿಂದ ಯಾರರ..."

"ಮೇಷ್ಟ್ರು ತಮ್ಮ ಮಾತನ್ನ ತಾವ ಕತ್ತರಿಸಿ ಉಲ್ಟಾ ಮಾಡ್ತಾರೇನು? ಪಟ್ಟಿ ಇಲ್ಲದ ಇನ್‌ಸ್ಪೆಕ್ಟರ್ ಅಂದದ್ದನ್ನ ನೀನು ತಗದಿ. ಆ ಮಾತು ಊರಿಗೆ ಹೋಗಬಾರದಿತ್ತು. ಜನ ಖರೆ ಇನ್‌ಸ್ಪೆಕ್ಟರ್‌ನ ಹುಡುಕಬೇಕಿತ್ತು."

ಸಮ್ರಾಟ್ ಗವಿಸಿದ್ದೇಶ್ ಕಡೆ ತಿರುಗಿದ. "ನೋಡ್ರಿ ಸರ್, ನಿಮ್ಮನ್ನ ಉಳಸಾಕ ನನ್ನ ಸಿಗಿಸಾಕತ್ಯಾರ."

ಗವಿಸಿದ್ದೇಶ್ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಹಿಂದೆ ವಿರೂಪಮ್ಮ ನಿಂತಿದ್ದಳು.

ಅವಳು ಬಹಳ ಹೊತ್ತು ನೋಡಲಿಲ್ಲ. "ಇವನ ರೀ. ಅವ್ವಾ ಅಂತ ಕರೆದು ನನ್ನ ಸರ ಬಿಚ್ಚಿಸಿಕೊಂಡವ."

ಸಮ್ರಾಟ್ ಮುಖದ ಬಣ್ಣ ಇಳಿಯಿತು. ಆದರೂ ಒಂದು ಸಲ ನಕ್ಕ. "ಈಕಿ ಯಾರು ಅಂತ ನನಗ ಗೊತ್ತಿಲ್ಲ."

"ಮೇಷ್ಟ್ರಿಗೂ ಆ ವೇಷದವ ನೀನು ಅಂತ ಗೊತ್ತಿರಲಿಲ್ಲ" ಎಂದಳು ಶೀಲಾ. "ಅವರಿಗೆ ಗೊತ್ತಿದ್ದದ್ದು ತಂಗಿ ಹೇಳಿದ ಗುರುತಷ್ಟ. ಸರ ಕಳಕೊಂಡಾಕಿನ್ನ ಸಭಾಕ್ಕ ಕರಸ್ತೀನಿ ಅಂತ ನಿನಗ ಹೇಳಿರಬೇಕು. ಆದರ ಭಾನುವಾರ ಈ ಅಮ್ಮ ಸಭಾಕ್ಕ ಬಂದಿದ್ರ, ಕ್ಯಾಮೆರಾ ಹಿಂದ ನಿಂತ ನಿನ್ನ ನೋಡ್ತಿದ್ರು. ಅದಕ್ಕ ಭಾನುವಾರ ಬರಬಾರದಿತ್ತು. ಬುಧವಾರ ಮೇಷ್ಟ್ರು ಒಬ್ಬರ ಇರೋದು ನಿನಗ ಗೊತ್ತಿತ್ತು. ಶಿಷ್ಯನಾಗಿ ಹೋದಿ. ರೂಢಿಯಂತ ಬೂಟು ಹೊರಗ ಬಿಟ್ಟಿ. ಒಳಗ ಹೊಡೆದ ಮ್ಯಾಲೆ ಖಾಕಿ ಹಾಕ್ಕೊಂಡಿ. ಲಾಠಿ ಕೆಡವಿದಿ. ಎದುರು ಮನಿಯವ್ರಿಗೆ ಕಾಣೂ ಹಂಗ ತಿರುಗಿ ನಿಂತಿ. ಎಲ್ಲಾ ನಾಟಕದ ಹಂಗ ಮಾಡಿದಿ. ಬೂಟು ಮಾತ್ರ ಮರೆತಿ. ಹೊಡೆಯಾಕ ಬಂದ ಪೊಲೀಸ ಬೂಟು ಬಿಚ್ಚೋದಿಲ್ಲೋ."

ಅಷ್ಟರಲ್ಲಿ ಉಚ್ಚಂಗೆಪ್ಪ ಮೂಲೆಯ ಉದ್ದನೆಯ ಕರಿ ಚೀಲದ ಜಿಪ್ಪು ಎಳೆದಿದ್ದ. ಒಳಗೆ ಕ್ಯಾಮೆರಾದ ಕಬ್ಬಿಣದ ಸ್ಟ್ಯಾಂಡು. ಅದರ ಒಂದು ಕಾಲು ಬಾಗಿತ್ತು. ಮಡಿಕೆಯ ಸಂದಿನಲ್ಲಿ ಒರೆಸಿದರೂ ಹೋಗದ ಕಂದು ಕಲೆ ಇತ್ತು. ಸ್ಟ್ಯಾಂಡಿನ ಅಡಿಯಲ್ಲಿ ಮಡಚಿದ ಖಾಕಿ ಅಂಗಿ. ಮೂರು ನಕ್ಷತ್ರ. ಪಟ್ಟಿ ಇಲ್ಲ.

ಸಮ್ರಾಟ್ ಕುರ್ಚಿಯಲ್ಲಿ ಕುಳಿತ. ಅವನ ದನಿ ಬದಲಾಗಿತ್ತು.

"ಮೊದಲು ಚೇಷ್ಟಿಗೆ ಹಾಕ್ಕೊಂಡಿದ್ದೆ. ಒಂದು ಲಾರಿ ತಾನಾಗೇ ನಿಂತಿತು. ಡ್ರೈವರ್ ಕೈಮುಗಿದ. ಯಾರೂ ಏನೂ ಕೇಳೋದಿಲ್ಲ ಮೇಡಂ. ಖಾಕಿ ಕಂಡ್ರ ಕೊಡ್ತಾರ, ಸುಮ್ಮನಿರ್ತಾರ. ಭಾನುವಾರ ಮೇಷ್ಟ್ರು ಹೆಗಲಿನ ಪಟ್ಟಿ ಅಂದಾಗ, ಇದನ್ನ ಕತ್ತರಿಸಬೇಕು ಅಂತ ಕ್ಯಾಮೆರಾ ಹಿಂದನ ಅಂದ್ಕೊಂಡೆ."

"ಅವರು ಸತ್ತಿದ್ರ?" ಎಂದು ಕೇಳಿದವಳು ವಿರೂಪಮ್ಮ.

ಉಚ್ಚಂಗೆಪ್ಪ ಅವನ ತೋಳು ಹಿಡಿದು ಎಬ್ಬಿಸಿದ.

* * *

ಸರ ಸಮ್ರಾಟನ ಮನೆಯಲ್ಲೇ ಸಿಕ್ಕಿತು. ಮಾರಲು ಧೈರ್ಯವಾಗಿರಲಿಲ್ಲವಂತೆ. ಮೇಷ್ಟ್ರ ಲ್ಯಾಪ್‌ಟಾಪೂ ಅಲ್ಲೇ ಇತ್ತು, ಫೋನೂ ಇತ್ತು. ಲ್ಯಾಪ್‌ಟಾಪಿನಲ್ಲಿ ಪೂರ್ತಿ ವಿಮರ್ಶೆ ಇತ್ತು. ಐಶ್ವರ್ಯ ಅದನ್ನು ಅಂದು ಸಂಜೆ ಹಾಗೇ, ಏನೂ ಕತ್ತರಿಸದೆ, ಹಾಕಿದಳು. ಠಾಣೆಯ ಮುಂದಿನ ಜನ ಮೊಬೈಲಿನಲ್ಲಿ ಅದನ್ನು ನೋಡುತ್ತ ಒಬ್ಬೊಬ್ಬರಾಗಿ ಮನೆಗೆ ಹೋದರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಚನ್ನಬಸವರಾಜ ಮಾತ್ರ ಒಳಗೆ ಬಂದು ಗವಿಸಿದ್ದೇಶ್ ಅವರ ಕೈ ಹಿಡಿದು ಅಲುಗಿಸಿ ಹೋದರು.

ಮರುದಿನ ಮುಂಜಾನೆ ದಾಕ್ಷಾಯಣಮ್ಮನ ಫೋನ್ ಬಂತು. ಅವರಿಗೆ ಒಂದೇ ಮಾತು ಹೇಳಲು ಆದದ್ದು. "ಕಣ್ಣು ಬಿಟ್ರು."

ಶೀಲಾ ಮತ್ತು ಗವಿಸಿದ್ದೇಶ್ ಆಸ್ಪತ್ರೆಗೆ ಹೋದಾಗ ವಿರೂಪಮ್ಮ ಅಣ್ಣನ ಕಾಲ ಬಳಿ ಕುಳಿತಿದ್ದಳು. ತಲೆಗೆ ಸುತ್ತಿದ ಬಟ್ಟೆಯ ಕೆಳಗೆ ಮೇಷ್ಟ್ರ ಮುಖ ಸಣ್ಣದಾಗಿ ಕಾಣುತ್ತಿತ್ತು. ಯಾರು ಹೊಡೆದದ್ದು ಎಂದು ಅವರಿಗೆ ಹೇಳಿಯಾಗಿತ್ತು. ಅವರು ಬಹಳ ಹೊತ್ತು ಗೋಡೆಯ ಕಡೆ ತಿರುಗಿ ಮಲಗಿದ್ದರಂತೆ. ಒಳ್ಳೆಯ ಹುಡುಗ ಇದ್ದ ಎಂದಷ್ಟೇ ಅಂದಿದ್ದರಂತೆ.

ಗವಿಸಿದ್ದೇಶ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

"ಮೇಷ್ಟ್ರ, ನಿಮ್ಮ ವಿಮರ್ಶಾ ಪೂರ್ತಿ ನೋಡಿದೆ."

ಮೇಷ್ಟ್ರು ಕಣ್ಣಲ್ಲೇ ಮುಂದೆ ಹೇಳಿ ಎಂದರು.

"ನನಗೇನೋ ಚಿತ್ರ ಹಿಡಿಸ್ತು."

ಶೀಲಾ ಗಾಬರಿಯಿಂದ ಅವರತ್ತ ನೋಡಿದಳು.

"ಆ ಪಟ್ಟಿ ಗಿಟ್ಟಿ ತಪ್ಪ ಇರಬಹುದು" ಎಂದು ಗವಿಸಿದ್ದೇಶ್ ಮುಂದುವರಿಸಿದರು. "ಆದರ ಕೊನಿಗೆ ಆ ಇನ್‌ಸ್ಪೆಕ್ಟರ್ ಮಗಳ ಮುಂದ ತಲಿ ತಗ್ಗಿಸಿ ನಿಲ್ತಾನಲ್ಲ, ಅಲ್ಲಿ ನನಗ ಕಣ್ಣಾಗ ನೀರ ಬಂತು. ಇದು ಪೊಲೀಸರನ್ನ ನೋಡದ ತಗದ ಚಿತ್ರ ಅಲ್ರಿ."

ಮೇಷ್ಟ್ರು ಮೊಣಕೈ ಊರಿ ಏಳಲು ನೋಡಿದರು. ವಿರೂಪಮ್ಮ ಹಿಡಿದುಕೊಂಡಳು.

"ಅದ ಮೋಸ ಸಾಹೇಬ್ರ" ಎಂದರು ಅವರು. ದನಿ ಪಿಸುಮಾತಿನಷ್ಟಿತ್ತು, ಆದರೆ ನಿಲ್ಲಲಿಲ್ಲ. "ಮಗಳನ್ನ ತಂದು ಅಳಿಸೋದು ಸಸಾರ. ಆಕಿ ಮೊದಲು ಎಲ್ಲಿದ್ಲು? ಚಿತ್ರದಾಗ ಒಂದ ಸಲಾನೂ ಬಂದಿಲ್ಲ ಆಕಿ..."

"ಬಂದಾಳ್ರಿ. ಸಾಲಿ ಮುಂದ ಜೀಪ್ ನಿಲ್ಲಿಸಿದಾಗ."

"ಅದು ಅರ್ಧ ನಿಮಿಷ."

"ಅರ್ಧ ನಿಮಿಷ ಸಾಕ್ರಿ."

ನರ್ಸ್ ಬಂದು ರೋಗಿಯನ್ನು ಮಾತಾಡಿಸಬಾರದು ಎಂದು ಗದರಿದಳು. ಇಬ್ಬರೂ ಅವಳನ್ನು ಕೇಳಿಸಿಕೊಳ್ಳಲಿಲ್ಲ.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ದಾಕ್ಷಾಯಣಮ್ಮ ಗಂಜಿಯ ಡಬ್ಬಿ ಹಿಡಿದು ಕುಳಿತಿದ್ದರು. ಶೀಲಾ ಬಂದು ಪಕ್ಕದಲ್ಲಿ ಕುಳಿತಳು. ಬಾಗಿಲಿನ ಆಚೆಯಿಂದ ಆ ಕ್ಷೀಣ ದನಿ, ಅದಕ್ಕೆ ಇನ್‌ಸ್ಪೆಕ್ಟರರ ಗಡಸು ಉತ್ತರ, ಮತ್ತೆ ಆ ಕ್ಷೀಣ ದನಿ ಕೇಳುತ್ತಿತ್ತು.

"ಒಳಗ ಹೋಗಿ ಬಿಡಸಲೇನ್ರಿ ಅಮ್ಮಾ?" ಎಂದಳು ಶೀಲಾ.

"ಬ್ಯಾಡ" ಎಂದರು ದಾಕ್ಷಾಯಣಮ್ಮ. ಎರಡು ದಿನ ತಡೆದಿದ್ದ ಕಣ್ಣೀರು ಈಗ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. "ಜಗಳಾ ಆಡಾಕತ್ಯಾರ. ಆರಾಮ ಆದ್ರು."